ಜಮೀನುದಾರನ ಡೈರಿಯಲ್ಲಿ ಸಿಕ್ಕ ಅಕ್ಷತೆ

ಪೆಟ್ಟಿಗೆಯನ್ನು ಅಷ್ಟು ಚೆನ್ನಾಗಿ ಪ್ಯಾಕ್ ಮಾಡಿದ್ದನ್ನು ನೋಡಿಯೇ ನನಗೆ ಅನುಮಾನ ಬಂದಿತ್ತು. ಹಳೆಯ ಕಾಗದಪತ್ರ ತರುವವರು ಸಾಮಾನ್ಯವಾಗಿ ಬಾಳೆಹಣ್ಣಿನ ರಟ್ಟಿನ ಡಬ್ಬದಲ್ಲೋ ಸೂಪರ್‌ಮಾರ್ಕೆಟ್ ಚೀಲದಲ್ಲೋ ತುರುಕಿಕೊಂಡು ಬರುತ್ತಾರೆ. ಈ ಐದು ಡೈರಿಗಳು ಮೆಲ್ಬರ್ನಿನಿಂದ ಸಿಡ್ನಿಗೆ ಬಂದದ್ದು ಒಂದೊಂದಕ್ಕೂ ಬೇರೆ ಬೇರೆ ಹತ್ತಿಬಟ್ಟೆ ಸುತ್ತಿಕೊಂಡು, ಮೂಲೆಗಳಿಗೆ ಸ್ಪಂಜು ಕಟ್ಟಿಕೊಂಡು. ಇಷ್ಟೆಲ್ಲ ತಿಳಿದವರಿಗೆ ನನ್ನಿಂದ ಏನು ಬೇಕಾಗಿದೆ ಎಂದುಕೊಂಡೇ ಪೆಟ್ಟಿಗೆ ಬಿಚ್ಚಿದೆ.

ಹಳೆಯ ಕಾಗದಗಳನ್ನು ಉಳಿಸುವುದು ನನ್ನ ಕೆಲಸ. ಹರಿದದ್ದನ್ನು ಜೋಡಿಸುತ್ತೇನೆ, ಬೂಷ್ಟು ತೆಗೆಯುತ್ತೇನೆ, ಕೆಲವೊಮ್ಮೆ ಇದು ನಿಜವಾಗಿ ಹಳೆಯದೋ ಅಥವಾ ಯಾರೋ ಹಳೆಯದಾಗಿ ಮಾಡಿದ್ದೋ ಎಂದು ವರದಿ ಬರೆಯುತ್ತೇನೆ. ಸಿಡ್ನಿಯ ಹೊರವಲಯದ ಟೂಂಗಾಬಿಯಲ್ಲಿರುವ ನಮ್ಮ ಮನೆಯ ಗ್ಯಾರೇಜೇ ನನ್ನ ವರ್ಕ್‌ಶಾಪ್. ಕಾರು ಬಿಸಿಲಲ್ಲಿ ಒಣಗುತ್ತದೆ, ಕಾಗದ ಒಳಗೆ ತಂಪಾಗಿರುತ್ತದೆ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಅನುಮಾನ ಪಡುವುದು ಈ ಕೆಲಸದಲ್ಲಿ ಚಟವಾಗಿಬಿಡುತ್ತದೆ. "ಅಮ್ಮಾ, ಯೂ ಸಸ್ಪೆಕ್ಟ್ ಎವ್ರಿವನ್" ಎನ್ನುತ್ತಾಳೆ ಮಗಳು. ಅದೇನೂ ಸುಳ್ಳಲ್ಲ.

ಡೈರಿಗಳು ಹತ್ತೊಂಬತ್ತನೇ ಶತಮಾನದ ಒಬ್ಬ ಇಂಗ್ಲಿಷ್ ಜಮೀನುದಾರನವು. ಇಪ್ಪತ್ತೆರಡನೇ ವಯಸ್ಸಿಗೆ ಅಪ್ಪನ ಎಸ್ಟೇಟು ಕೈಗೆ ಬಂದಿತ್ತು; ಮೂರು ಹಳ್ಳಿ, ಒಂದು ಚರ್ಚು, ಬೇಟೆಗೆಂದೇ ಸಾಕಿದ ಲೆಕ್ಕವಿಲ್ಲದಷ್ಟು ಫೆಸೆಂಟ್ ಹಕ್ಕಿಗಳು. ಎದುರಾಳಿಯೇ ಇಲ್ಲದ ಚುನಾವಣೆಯಲ್ಲಿ ಗೆದ್ದು ಪಾರ್ಲಿಮೆಂಟಿಗೆ ಹೋದವನು ಅಲ್ಲಿ ಹೆಚ್ಚು ಮಾತಾಡಲಿಲ್ಲ. ಮಾತಾಡಿದ ಒಂದೇ ದೊಡ್ಡ ಭಾಷಣದಲ್ಲಿ, ವಸಾಹತುಗಳ ಮೂಲನಿವಾಸಿಗಳಿಗೆ ಕರುಣೆ ತೋರಬೇಕು ಎಂದಿದ್ದ. ಆ ಭಾಷಣದಿಂದ ಅವನಿಗೆ ಒಳ್ಳೆಯವನೆಂಬ ಹೆಸರು ಬಂತು. ಅವನು ಆಸ್ಟ್ರೇಲಿಯಾಕ್ಕೆ ಒಮ್ಮೆಯೂ ಬಂದವನಲ್ಲ. ಎರಡನೇ ಮಗನನ್ನು ಕುರಿ ಸಾಕಲು ಮೆಲ್ಬರ್ನಿನ ಕಡೆಗೆ ಕಳಿಸಿದ್ದ, ಅಷ್ಟೆ. ಆ ಮಗನ ವಂಶದ ಒಬ್ಬ ಮುದುಕಿಯ ಹತ್ತಿರ ಈಗ ಡೈರಿಗಳಿದ್ದವು. ಆಕೆಗೆ ಎಂಬತ್ತು ದಾಟಿತ್ತು, ವ್ಯವಹಾರವನ್ನೆಲ್ಲ ಸೋದರಳಿಯ ನೋಡಿಕೊಳ್ಳುತ್ತಿದ್ದ. ನನ್ನನ್ನು ಕರೆದವನು ಅವನು, ವೃತ್ತಿಯಿಂದ ವಕೀಲ.

ಸಮಸ್ಯೆಯನ್ನು ಅವನು ಫೋನಿನಲ್ಲಿ ಬಹಳ ನಯವಾಗಿ ವಿವರಿಸಿದ. ಮೆಲ್ಬರ್ನಿನ ಟ್ರುಗನಿನಾದಲ್ಲಿ ಮಗಳ ಮನೆಯಲ್ಲಿರುವ ಒಬ್ಬ ನಿವೃತ್ತ ಇತಿಹಾಸ ಪ್ರೊಫೆಸರು, ಮೈಸೂರಿನವರು, ಈ ಜಮೀನುದಾರನ ಜೀವನಚರಿತ್ರೆ ಬರೆಯುತ್ತಿದ್ದಾರೆ. ಮುದುಕಿ ನಂಬಿ ಡೈರಿಗಳನ್ನು ಹತ್ತು ತಿಂಗಳು ಅವರ ಮನೆಗೇ ಕೊಟ್ಟಿದ್ದಳು. ಬರಹ ಮುಗಿದ ಮೇಲೆ ಅವರು ಕುಟುಂಬಕ್ಕೆ ಓದಲು ಕಳಿಸಿದರು. ಅದರಲ್ಲಿ ಮೂರನೇ ಡೈರಿಯಿಂದ ಎತ್ತಿದ ಒಂದು ಟಿಪ್ಪಣಿ ಇದೆ, ಆದರೆ ಡೈರಿಯಲ್ಲಿ ಆ ದಿನದ ಹಾಳೆಯೇ ಇಲ್ಲ. ಹೊಲಿಗೆಯ ಹತ್ತಿರ ಕತ್ತರಿಸಿದ ಗುರುತು ಮಾತ್ರ ಇದೆ. ಆ ಹಾಳೆ ತಲೆಮಾರುಗಳಿಂದ ಇಲ್ಲ, ಪ್ರೊಫೆಸರು ಇಲ್ಲದ ಹಾಳೆಯಿಂದ ಸಾಲು ಹುಟ್ಟಿಸಿದ್ದಾರೆ ಎಂಬುದು ಅವನ ವಾದ. ಕತ್ತರಿಸಿದ್ದು ಹಳೆಯದು ಎಂದು ನಾನು ಹೇಳಿದರೆ ಸಾಕಿತ್ತು.

ಸಿಡ್ನಿ ಮೆಲ್ಬರ್ನುಗಳಲ್ಲಿ ನನಗಿಂತ ಹೆಸರು ಮಾಡಿದವರು ಎಷ್ಟೋ ಜನ ಇರುವಾಗ ನಾನೇ ಏಕೆ? ನನ್ನ ಹೆಸರು ನೋಡಿದರೆ ಎಲ್ಲಿಯವಳೆಂದು ಯಾರಿಗಾದರೂ ತಿಳಿಯುತ್ತದೆ. ಪ್ರೊಫೆಸರು ಸುಳ್ಳುಗಾರ ಎಂದು ಅವರ ಊರಿನವಳೇ ಬರೆದುಕೊಟ್ಟರೆ ವಕೀಲನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಅದು ಗೊತ್ತಾಗಿಯೂ ಒಪ್ಪಿಕೊಂಡೆ, ಯಾಕೆಂದರೆ ಪ್ರೊಫೆಸರ ಮೇಲೂ ನನಗೆ ಅಷ್ಟೇ ಅನುಮಾನವಿತ್ತು. ಅವರು ಎತ್ತಿದ ಟಿಪ್ಪಣಿ ಇದು:

"ಹಳ್ಳದ ಬದಿಯಲ್ಲಿ ಈಗ ಕರಿಯರು ಯಾರೂ ಇಲ್ಲವೆಂದು ಮಗ ಬರೆದಿದ್ದಾನೆ. ಹೇಗೆ ಎಂದು ಕೇಳಬೇಡಿ ಎಂದಿದ್ದಾನೆ. ಕೇಳುವುದಿಲ್ಲ ಎಂದು ಉತ್ತರ ಬರೆದೆ. ಮಧ್ಯಾಹ್ನ ಹದಿನಾಲ್ಕು ಫೆಸೆಂಟ್."

ಕರಿಯರೆಂದರೆ ಆ ನೆಲದ ಮೂಲನಿವಾಸಿಗಳು. ಅವರಿಗೆ ಕರುಣೆ ತೋರಬೇಕೆಂಬ ಭಾಷಣ ಇದಾದ ಮೂರು ವಾರಕ್ಕೆ. ಜೀವನಚರಿತ್ರೆ ಬರೆಯುವವರಿಗೆ ಇಂಥ ಸಾಲು ಸಿಕ್ಕರೆ ಹಬ್ಬ. ಐದು ಡೈರಿಗಳ ತುಂಬ ಚರಂಡಿ, ಬೇಲಿ, ಬಾಡಿಗೆದಾರರ ಜಗಳ, ಗೌಟಿನ ಕಾಲುನೋವು. ಅಂಥ ಮನುಷ್ಯನ ಬದುಕಿನಲ್ಲಿ ಇಂಥ ಒಂದೇ ಒಂದು ಹಾಳೆ ಇರುವುದು, ಅದೇ ಹಾಳೆ ಮಾಯವಾಗುವುದು. ಇಷ್ಟು ಸಲೀಸಾದದ್ದನ್ನು ನಾನು ನಂಬುವುದಿಲ್ಲ.

ಮೊದಲ ಮೂರು ದಿನ ಕತ್ತರಿಸಿದ ಗುರುತಿನ ಹಿಂದೆಯೇ ಕಳೆದೆ. ಹಳೆಯ ಕಾಗದವನ್ನು ಈಗ ಕತ್ತರಿಸಿದರೆ ಅಂಚು ಒಳಗಿನ ಬಿಳುಪು ತೋರಿಸುತ್ತದೆ. ನೂರು ವರ್ಷದ ಹಿಂದೆ ಕತ್ತರಿಸಿದ್ದರೆ ಅಂಚೂ ಕಂದಾಗಿರುತ್ತದೆ. ಇಲ್ಲಿ ಬ್ಲೇಡು ಎಷ್ಟು ಆಳಕ್ಕೆ ಹೋಗಿತ್ತೆಂದರೆ ಉಳಿದ ಚೂರು ಎರಡು ಮಿಲಿಮೀಟರು ಕೂಡ ಇರಲಿಲ್ಲ, ಅದರ ಮೇಲೆ ಹೊಲಿಗೆಯ ಹಳೆಯ ಅಂಟು ಹರಡಿತ್ತು. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಬೆಳ್ಳಗೆ ಕಂಡರೆ, ದೀಪ ಪಕ್ಕಕ್ಕೆ ಸರಿಸಿದರೆ ಕಂದಾಗಿ ಕಾಣುತ್ತಿತ್ತು. ಹೊಸದೆನ್ನಲೂ ಹಳೆಯದೆನ್ನಲೂ ಆಗದೆ ತಲೆ ಕೆಟ್ಟುಹೋಯಿತು.

ನಾಲ್ಕನೇ ದಿನ ಹಾಳೆಗಳ ಮೇಲಂಚಿನಲ್ಲಿ ಹಳದಿ ಕಲೆ ಕಂಡಿತು. ಮೂರನೇ ಡೈರಿಯಲ್ಲಿ ಹೆಚ್ಚು, ಉಳಿದವುಗಳಲ್ಲಿ ಅಲ್ಲಲ್ಲಿ. ಖೋಟಾ ಮಾಡುವವರು ಹೊಸ ಕಾಗದಕ್ಕೆ ಟೀ ಡಿಕಾಕ್ಷನ್ ಬಳಿದು ಹಳೆಯದಾಗಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಿಕ್ಕಿಬಿದ್ದರು ಪ್ರೊಫೆಸರು ಎಂದುಕೊಂಡೆ. ಖುಷಿಯೂ ಆಯಿತು ಎಂದು ಒಪ್ಪಿಕೊಳ್ಳಬೇಕು.

ಇಂಥ ಕಲೆಯನ್ನು ಹಾಳೆಯ ಮೇಲೆಯೇ ಪರೀಕ್ಷೆ ಮಾಡುವಂತಿಲ್ಲ. ಕಲೆಯಿದ್ದ ಕಡೆ ಸಡಿಲವಾಗಿದ್ದ ಒಂದು ಎಳೆಯನ್ನು ಚಿಮುಟದಲ್ಲಿ ಎತ್ತಿ ಗಾಜಿನ ಪಟ್ಟಿಯ ಮೇಲಿಟ್ಟು, ಕ್ಷಾರದ ನೀರು ಒಂದು ಹನಿ ಬಿಟ್ಟೆ. ಟೀ ಆದರೆ ಕಂದು ಇನ್ನಷ್ಟು ಗಾಢವಾಗುತ್ತದೆ. ಇದು ಕಣ್ಣೆದುರೇ ಕೆಂಪಾಯಿತು. ಆ ಕೆಂಪನ್ನು ಗುರುತಿಸಲು ಮೈಕ್ರೋಸ್ಕೋಪು ಬೇಕಾಗಿರಲಿಲ್ಲ. ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿ ಮಾಡುವುದನ್ನು ನೋಡಿಕೊಂಡು ಬೆಳೆದವಳು ನಾನು. ಇಂಗ್ಲಿಷ್ ಜಮೀನುದಾರನ ಡೈರಿಗೆ ಯಾರೋ ಅರಿಶಿನ ಹಚ್ಚಿದ್ದರು.

ಕಲೆಯ ಜಾಡು ಹಿಡಿದು ಒಂದೊಂದೇ ಹಾಳೆ ತಿರುವಿದೆ. ಕತ್ತರಿಸಿದ ಜಾಗಕ್ಕೆ ಬಂದಾಗ ಹೊಲಿಗೆಯ ಸಂದಿನಲ್ಲಿ ಏನೋ ಚುಚ್ಚಿತು. ಚಿಮುಟದಲ್ಲಿ ಎತ್ತಿ ನೋಡಿದರೆ ಅಕ್ಕಿಕಾಳು, ಹಳದಿ ಬಣ್ಣದ್ದು. ಅಕ್ಷತೆ.

ಎಡಗಡೆಯ ಪುಟದ ಮೇಲ್ಭಾಗದಲ್ಲಿ ಆ ಕಾಳು ಒತ್ತಿ ಕೂತಿದ್ದ ತಗ್ಗು ಇತ್ತು, ಸುತ್ತ ಹಳದಿ ಹರಡಿತ್ತು. ಕಾಳನ್ನು ಅಲ್ಲಿಟ್ಟು ನೋಡಿದೆ, ಸರಿಯಾಗಿ ಕೂತಿತು. ಎರಡು ಹಾಳೆಗಳ ನಡುವೆ ಒದ್ದೆ ಕಾಳು ಸಿಕ್ಕಿ, ಮೇಲೆ ಭಾರ ಬಿದ್ದರೆ ಎರಡೂ ಕಡೆ ಗುರುತಾಗಬೇಕು. ಇಲ್ಲಿ ಬಲಗಡೆಯ ಪುಟ ನುಣ್ಣಗಿತ್ತು. ಒಂದು ಚುಕ್ಕೆ ಹಳದಿಯೂ ಇರಲಿಲ್ಲ. ಬೇರೆ ಕಡೆ ಸಿಕ್ಕಿಕೊಂಡಿದ್ದ ಏಳು ಕಾಳುಗಳ ಗುರುತನ್ನೂ ಹುಡುಕಿದೆ. ಏಳಕ್ಕೂ ಎರಡೂ ಪುಟದಲ್ಲಿ ಜೋಡಿ ಗುರುತು ಇತ್ತು. ಇದೊಂದಕ್ಕೆ ಮಾತ್ರ ಜೋಡಿ ಇಲ್ಲ. ಅಂದರೆ ಕಾಳು ಒತ್ತಿ ಕೂತ ದಿನ ಅಲ್ಲಿ ಇನ್ನೊಂದು ಹಾಳೆ ಇತ್ತು. ಇನ್ನರ್ಧ ಗುರುತು ಆ ಹಾಳೆಯ ಜೊತೆ ಹೋಗಿತ್ತು.

ಈ ಡೈರಿಗಳಿಗೆ ಅಕ್ಷತೆ ಬಿದ್ದಿದ್ದರೆ ಅದು ಪ್ರೊಫೆಸರ ಮನೆಯಲ್ಲೇ; ತಲೆಮಾರುಗಳಿಂದ ಹಾಳೆ ಇಲ್ಲ ಎಂಬ ವಕೀಲನ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ ಪ್ರೊಫೆಸರೂ ಸುಳ್ಳು ಹೇಳಿದ್ದರು. ಡೈರಿಗಳನ್ನು ಪಡೆಯುವಾಗ ಅವರು ಸಹಿ ಹಾಕಿದ ಕರಾರಿನ ಪ್ರತಿ ನನ್ನ ಬಳಿ ಇತ್ತು. ಬೀಗ ಹಾಕಿದ ಸ್ಟೀಲ್ ಬೀರುವಿನಲ್ಲಿಡಬೇಕು, ಅವರ ಹೊರತು ಯಾರೂ ಮುಟ್ಟಬಾರದು, ಫೋಟೋ ತೆಗೆಯಬಾರದು, ತಪ್ಪಿದರೆ ಒಂದು ಸಾಲನ್ನೂ ಅಚ್ಚು ಮಾಡುವಂತಿಲ್ಲ. ಹಿಂತಿರುಗಿಸುವಾಗ ಎಲ್ಲವನ್ನೂ ಪಾಲಿಸಿದ್ದೇನೆ ಎಂದು ಮತ್ತೊಂದು ಸಹಿ ಹಾಕಿದ್ದರು. ಬೀರುವಿನೊಳಗೆ ಅಕ್ಷತೆ ತಾನಾಗಿ ನಡೆದು ಹೋಗುವುದಿಲ್ಲ.

ಡೈರಿಗಳನ್ನು ಇಟ್ಟಿದ್ದ ಜಾಗ ನೋಡಬೇಕು ಎಂದು ವಕೀಲನಿಗೆ ಹೇಳಿದೆ. ನೋಡಿ ಎಂದ, ಏಕೆ ಎಂದೂ ಕೇಳಲಿಲ್ಲ. ಅದೂ ನನಗೆ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ಮೆಲ್ಬರ್ನಿಗೆ ಹೊರಟೆ.

ಟ್ರುಗನಿನಾದ ಆ ಮನೆ ಅಕ್ಕಪಕ್ಕದ ಹತ್ತು ಮನೆಗಳ ಹಾಗೆಯೇ ಇತ್ತು, ಬಾಗಿಲ ಮುಂದಿನ ರಂಗೋಲಿಯಿಂದ ಗುರುತು ಹಿಡಿದೆ. ಪ್ರೊಫೆಸರು ಎಪ್ಪತ್ತರ ಮೇಲಿನವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದಿದ್ದರು. ಬೀರು ತೋರಿಸಿದರು, ಬೀಗ ತೋರಿಸಿದರು, ಬೀರುವಿನೊಳಗೆ ತೇವ ಅಳೆಯುವ ಮೀಟರನ್ನೂ ತೋರಿಸಿದರು. ತಮ್ಮ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟರು. ಮೈಸೂರಿನಿಂದ ತಂದ ಲಾಂಗ್ ನೋಟ್‌ಬುಕ್, ಪೂರ್ತಿ ಪೆನ್ಸಿಲಿನಲ್ಲಿ ಬರೆದದ್ದು. ಆ ಟಿಪ್ಪಣಿ ಇದ್ದ ಪುಟ ತೆಗೆದೆ. ಮೊದಲು ಬರೆದ ಒಂದು ಪದವನ್ನು ಅಳಿಸಿ, ಪಕ್ಕದಲ್ಲಿ 'ಓದಲು ಕಷ್ಟ, ನಾಳೆ ಬೆಳಕಿನಲ್ಲಿ ಮತ್ತೆ ನೋಡಬೇಕು' ಎಂದು ಕನ್ನಡದಲ್ಲಿ ಗುರುತು ಹಾಕಿಕೊಂಡಿದ್ದರು. ಮರುದಿನ ಸರಿಪಡಿಸಿದ ಪದ ಅದರ ಮೇಲಿತ್ತು. ಸಾಲು ಹುಟ್ಟಿಸುವವರು ಓದಲು ಕಷ್ಟಪಡುವುದಿಲ್ಲ. ಆದರೂ ನನ್ನ ಅನುಮಾನ ಪೂರ್ತಿ ಇಳಿಯಲಿಲ್ಲ.

ಕಾಳು ಇದ್ದ ಪುಟ್ಟ ಡಬ್ಬಿಯನ್ನು ನೋಟ್‌ಬುಕ್ಕಿನ ಪಕ್ಕದಲ್ಲಿ ಇಟ್ಟೆ. ಪ್ರೊಫೆಸರು ಅದನ್ನು ನೋಡಿದರು. ಕಾಫಿ ತಂದಿದ್ದ ಅವರ ಹೆಂಡತಿಯೂ ನೋಡಿದರು.

"ಸರಸ್ವತಿ ಪೂಜೆಗೆ ಇಟ್ಟಿದ್ದೆ," ಎಂದರು ಆಂಟಿ. "ನಾನೇ. ಇವರಿಗೆ ಗೊತ್ತಿರ್ಲಿಲ್ಲ, ಲೈಬ್ರರಿಗೆ ಹೋಗಿದ್ರು."

ಬೀರುವಿನ ಬೀಗದಕೈ ಎಲ್ಲಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ನವರಾತ್ರಿಯ ಸಪ್ತಮಿ, ಮನೆಯ ಪುಸ್ತಕಗಳನ್ನೆಲ್ಲ ಪೂಜೆಗೆ ಜೋಡಿಸುವ ದಿನ. ಗಂಡ ಹತ್ತು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿದ ಪುಸ್ತಕಗಳನ್ನು ಬಿಟ್ಟು ಮೊಮ್ಮಗಳ ಸ್ಪೆಲಿಂಗ್ ಪುಸ್ತಕಕ್ಕೆ ಪೂಜೆ ಮಾಡುವುದು ಅವರಿಗೆ ಸರಿ ಕಾಣಲಿಲ್ಲ. ರಟ್ಟಿಗೆ ಚರ್ಮದ ಹೊದಿಕೆ ಇದ್ದುದರಿಂದ ದೇವರ ಮುಂದೆ ಚರ್ಮಕ್ಕೆ ಅಕ್ಷತೆ ಹಾಕಬಾರದೆಂದು, ಡೈರಿಗಳನ್ನು ಶಲ್ಯದಲ್ಲಿ ಸುತ್ತಿ, ಕಾಗದದ ಮೇಲಂಚು ಮಾತ್ರ ಕಾಣುವಂತೆ ಬಿಟ್ಟು, ಅಲ್ಲಿಗೆ ಹಾಕಿದರು. ಆಗ ತಾನೇ ಕಲಸಿದ ಒದ್ದೆ ಅಕ್ಷತೆ. ಹಳೆಯ ಹೊಲಿಗೆ ಬಾಯಿ ಬಿಟ್ಟಿದ್ದ ಕಡೆಯೆಲ್ಲ ಕಾಳುಗಳು ಒಳಗಿಳಿದವು. ಅದರ ಮೇಲೆ ಪಂಚಲೋಹದ ಸರಸ್ವತಿಯನ್ನು ಕೂರಿಸಿದರು. ನಾನು ಸಿಡ್ನಿಯಲ್ಲಿ ಹುಡುಕುತ್ತಿದ್ದ ಭಾರ ಅದು.

ಫ್ಯಾಮಿಲಿ ಗ್ರೂಪಿಗೆ ಕಳಿಸಿದ ಫೋಟೋ ಆಂಟಿಯ ಫೋನಿನಲ್ಲಿ ಇನ್ನೂ ಇತ್ತು, ತಾರೀಕಿನ ಸಮೇತ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ತೆರೆಯುವುದಿಲ್ಲ. ಸಂಜೆ ಮನೆಗೆ ಬಂದು ನೋಡಿದ ಪ್ರೊಫೆಸರಿಗೆ ಇಟ್ಟದ್ದನ್ನು ಮಧ್ಯದಲ್ಲಿ ಎತ್ತಲು ಧೈರ್ಯ ಬರಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಡೈರಿಗಳನ್ನು ಒಯ್ಯಲು ವಕೀಲ ಬಂದ. ಆಂಟಿ ಆರತಿ ಎತ್ತಿ, ಅಂಚು ಒರೆಸಿ, ಐದನ್ನೂ ಅವನ ಕೈಗೆ ಕೊಟ್ಟರು. ಹಾಳೆಗಳನ್ನು ಯಾರೂ ಎಣಿಸಲಿಲ್ಲ. ಅದಾದ ಮೇಲೆ ಎಂಟು ತಿಂಗಳು ಡೈರಿಗಳು ಇದ್ದದ್ದು ಕುಟುಂಬದ ಹತ್ತಿರ.

ಈ ಮಾತಿನಲ್ಲಿ ಎಷ್ಟು ನಿಜ ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಸಪ್ತಮಿಯಿಂದ ದಶಮಿಯ ನಡುವೆ ಪ್ರೊಫೆಸರೇ ಎದ್ದು ಕತ್ತರಿಸಿರಬಹುದಲ್ಲ? ತಮ್ಮ ಪುಸ್ತಕದ ಅತಿ ಮುಖ್ಯ ಸಾಲಿನ ಸಾಕ್ಷಿಯನ್ನು ಅವರೇ ಏಕೆ ನಾಶ ಮಾಡುತ್ತಾರೆ ಎಂಬುದಕ್ಕೆ ಕಾರಣ ಹೊಳೆಯಲಿಲ್ಲ. ವಕೀಲನಿಗಾದರೆ ಮನೆತನದ ಹೆಸರು ಉಳಿಸಿಕೊಳ್ಳುವ ಕಾರಣ ಇತ್ತು.

ಆಂಟಿ ಒಳಗೆ ಹೋದ ಮೇಲೆ ಪ್ರೊಫೆಸರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅರಿಶಿನದ ವಿಷಯ ವರದಿಯಲ್ಲಿ ಬಂದರೆ ಕರಾರು ಮುರಿದಂತಾಗುತ್ತದೆ, ಏಳು ವರ್ಷದ ಕೆಲಸ ಮಣ್ಣುಪಾಲು ಎಂದರು. ವಕೀಲ ಆಗಲೇ ಒಂದು ಮಾತು ಹೇಳಿದ್ದನಂತೆ: ಆ ಟಿಪ್ಪಣಿಯೊಂದನ್ನು ತೆಗೆದರೆ ಕುಟುಂಬವೇ ಮುಂದೆ ನಿಂತು ಪುಸ್ತಕ ಹೊರತರುತ್ತದೆ. ಇವರು ಆಗುವುದಿಲ್ಲ ಎಂದಿದ್ದರು.

"ಕಲೆ ಏನೂಂತ ಗೊತ್ತಾಗ್ಲಿಲ್ಲ ಅಂತ ಬರೆದ್ರೆ ನಿಮ್ಮ ಗಂಟೇನು ಹೋಗತ್ತಮ್ಮಾ? ಹಾಳೆ ಇತ್ತು ಅನ್ನೋದಷ್ಟು ಬರೀರಿ."

"ಹಾಳೆ ಇತ್ತು ಅನ್ನೋಕೆ ನನ್ನ ಹತ್ರ ಇರೋದು ಇದೊಂದೇ ಕಾಳು, ಸರ್. ಅರಿಶಿನ ಬಿಟ್ರೆ ಹಾಳೆನೂ ಬಿಡಬೇಕು."

"ಹಂಗಾದ್ರೆ ಎರಡೂ ಬಿಡಿ," ಎಂದರು ಅವರು. "ನನ್ನ ಸುಳ್ಳುಗಾರ ಅಂದ್ರೆ ಅನ್ಲಿ. ಕೋರ್ಟು ಕಚೇರಿ ಪೇಪರಲ್ಲೆಲ್ಲ ಇವಳ ಹೆಸರು ಬೇಡ."

ಬಾಗಿಲಲ್ಲಿ ಆಂಟಿ ನಿಂತಿದ್ದರು. ಕೇಳಿಸಿಕೊಂಡಿದ್ದಾರೆಂದು ಅವರ ಮುಖವೇ ಹೇಳುತ್ತಿತ್ತು.

"ನನ್ನ ಹೆಸರು ಬರ್ಕೊಳಿ," ಎಂದರು ನನಗೆ. "ಪೂರ್ತಿ ಹೆಸರು. ಆ ಹಳ್ಳದ ಹತ್ರ ಇದ್ದೋರು ಏನಾದ್ರು ಅಂತ ಆ ಜಮೀನುದಾರನಂತೂ ಕೇಳ್ಲಿಲ್ಲ. ನನ್ನ ಅಕ್ಷತೆ ಮುಚ್ಚಿಡೋಕೆ ಹೋಗಿ ನಾವೂ ಕೇಳ್ದೆ ಇರೋದು ಬೇಡ."

ಪ್ರೊಫೆಸರು ತಲೆ ಎತ್ತಲಿಲ್ಲ. ನಾನು ಹೆಸರು ಬರೆದುಕೊಂಡೆ. ಫೋಟೋ ಪಡೆದುಕೊಂಡೆ. ಏರ್‌ಪೋರ್ಟಿನ ದಾರಿಯುದ್ದಕ್ಕೂ ಆ ಮುದುಕರನ್ನು ಅಂಥ ಇಕ್ಕಟ್ಟಿಗೆ ತಳ್ಳಿದವಳು ನಾನೇ ಎಂದುಕೊಳ್ಳುತ್ತಿದ್ದೆ. ಕಲೆ ಯಾವುದೆಂದು ತಿಳಿಯದು ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಸಿಡ್ನಿಯಲ್ಲಿ ಅರಿಶಿನ ಗುರುತಿಸುವವರು ಇನ್ಯಾರು ಬಂದು ನೋಡುತ್ತಿದ್ದರು? ಎರಡು ದಿನ ಏನೂ ಬರೆಯದೆ ಕೂತಿದ್ದೆ. ಆಮೇಲೆ ಎಲ್ಲವನ್ನೂ ಬರೆದೆ.

ವರದಿ ಹನ್ನೊಂದು ಪುಟವಾಯಿತು. ಏಳು ಕಾಳುಗಳ ಜೋಡಿ ಗುರುತುಗಳನ್ನೂ ಎಂಟನೆಯದರ ಒಂಟಿ ಗುರುತನ್ನೂ ಅಳತೆ ಸಮೇತ ಇಟ್ಟೆ. ಅರಿಶಿನ ಹಾಕಿದವರ ಹೆಸರು, ದಿನ, ಫೋಟೋ. ಆ ದಿನ ಹಾಳೆ ಸ್ಥಳದಲ್ಲಿತ್ತು, ಆಮೇಲೆ ಕತ್ತರಿಸಲಾಗಿದೆ, ಕತ್ತರಿಸಿದವರು ಯಾರೆಂದು ಕಾಗದ ಹೇಳುವುದಿಲ್ಲ ಎಂದು ಮುಗಿಸಿದೆ. ಒಂದು ಪ್ರತಿ ವಕೀಲನಿಗೆ, ಒಂದು ಮುದುಕಿಗೆ, ಒಂದು ಪ್ರೊಫೆಸರಿಗೆ. ವರದಿ ಬಹಳ ಪರಿಶ್ರಮದ್ದು ಎಂದು ವಕೀಲ ಎರಡು ಸಾಲಿನ ಇಮೇಲ್ ಕಳಿಸಿದ. ಮುದುಕಿಯಿಂದ ಏನೂ ಬರಲಿಲ್ಲ. ವರದಿ ಆಕೆಯ ಕೈಗೆ ತಲುಪಿತೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಅಲ್ಲಿಗೆ ಪುಸ್ತಕ ನಿಂತುಹೋಯಿತು ಎಂದೇ ತಿಳಿದಿದ್ದೆ. ಮುಂದಿನ ವರ್ಷ ಬಿಡುಗಡೆಯ ಆಮಂತ್ರಣ ಬಂತು, ಮೆಲ್ಬರ್ನಿನ ಒಂದು ಪುಟ್ಟ ಸಭಾಂಗಣದಲ್ಲಿ. ಕುಟುಂಬದ ಸಹಕಾರದೊಂದಿಗೆ ಎಂದು ಅಚ್ಚಾಗಿತ್ತು. ಅದನ್ನು ಓದಿದಾಗಲೇ ಏನಾಗಿದೆಯೆಂದು ಊಹಿಸಿದೆ. ಆದರೂ ಹೋದೆ. ಬಾಗಿಲಲ್ಲೇ ಒಂದು ಪ್ರತಿ ಎತ್ತಿಕೊಂಡು ಆ ವರ್ಷದ ಅಧ್ಯಾಯ ತೆರೆದೆ. ಚರಂಡಿ ತೋಡಿಸಿದ್ದು ಇತ್ತು. ಅದಾದ ಮೇಲೆ ಕರುಣೆಯ ಭಾಷಣ, ಪೂರ್ತಿ ಎರಡು ಪುಟ. ನಡುವೆ ಏನೂ ಇರಲಿಲ್ಲ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು, 'ಡೈರಿಗಳ ನೈಜತೆಯನ್ನು ಖಚಿತಪಡಿಸಿದವರು' ಎಂದು.

ಪ್ರೊಫೆಸರ ಹತ್ತಿರ ಹೋದೆ. ಅವರು ನನ್ನ ಕಣ್ಣು ತಪ್ಪಿಸಲಿಲ್ಲ. ಕರಾರು ಮುರಿದದ್ದಕ್ಕೆ ಆಂಟಿಯ ಮೇಲೂ ಕೇಸು ಹಾಕುತ್ತೇನೆ ಎಂದು ವಕೀಲ ಹೆದರಿಸಿದ್ದನಂತೆ. ನನ್ನ ವರದಿಯನ್ನೇ ಮುಂದಿಟ್ಟುಕೊಂಡು.

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆಯಲ್ಲಮ್ಮಾ," ಎಂದರು. ಆಮೇಲೆ ಯಾರೋ ಫೋಟೋಗೆ ಕರೆದರು, ವಕೀಲನ ಪಕ್ಕದಲ್ಲಿ ನಿಂತರು.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳುವುದು ಕಷ್ಟ. ಅವರ ಹೆಸರಿಗೆ ಅಂಟಿದ್ದ ಮಸಿಯನ್ನು ನಾನು ಒರೆಸಿದ್ದೆ. ಅವರು ಆ ಹಾಳೆಯನ್ನು ಇನ್ನೊಂದು ಸಲ ಕತ್ತರಿಸಿದ್ದರು. ಅವರನ್ನು ಆ ಸ್ಥಿತಿಗೆ ತಂದದ್ದೂ ನಾನೇ. ಭಾಷಣ ಮುಗಿಯುವ ಮೊದಲೇ ಹೊರಗೆ ಬಂದೆ.

ಕಾರ್ ಪಾರ್ಕಿಂಗಿನಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ಆಂಟಿ, ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಬಟ್ಟೆಯ ಚೀಲ. ತಾಂಬೂಲ ಕೊಡಲು ಬಂದಿದ್ದಾರೆ ಎಂದುಕೊಂಡೆ. ಚೀಲದಲ್ಲಿ ಇದ್ದದ್ದು ಆ ನೋಟ್‌ಬುಕ್ಕು.

"ಮನೇಲಿದ್ರೆ ಇದೂ ಹೋಗತ್ತೆ," ಎಂದರು. "ಇವತ್ತಲ್ದಿದ್ರೆ ನಾಳೆ, ಇವರೇ ಆ ಪುಟ ತೆಗೆದುಬಿಡ್ತಾರೆ. ನಿಮ್ಮ ಹತ್ರ ಇರ್ಲಿ."

ಸರ್‌ಗೆ ಗೊತ್ತಾ ಎಂದು ಕೇಳಿದೆ. ಆಂಟಿ ನೋಟ್‌ಬುಕ್ಕನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲ ಪುಟ ತೆರೆದರು.

"ಎಣಿಸ್ಕೊಂಡು ತಗೊಳಿ," ಎಂದರು. "ನಾನು ಕೊಟ್ಟಾಗ ಎಷ್ಟಿತ್ತು ಅಂತ ಇಬ್ಬರಿಗೂ ಗೊತ್ತಿರ್ಬೇಕು."

ಅಲ್ಲೇ ನಿಂತು ಒಂದೊಂದೇ ಹಾಳೆ ಎಣಿಸಿದೆವು, ಅವರು ಕನ್ನಡದಲ್ಲಿ ಗಟ್ಟಿಯಾಗಿ, ನಾನು ಮನಸ್ಸಿನಲ್ಲಿ. ಆ ಟಿಪ್ಪಣಿಯ ಪುಟ ಬಂದಾಗ ಅವರು ಎಣಿಕೆ ನಿಲ್ಲಿಸಿ ಅದನ್ನು ಇನ್ನೊಮ್ಮೆ ಓದಿದರು. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಿದರು.